ಸಿಕ್ಕಿಬಿದ್ದ ಲೆಕ್ಕವೂ ಅಚ್ಚಾಗಲಿ

ಮಾನ್ಯರೇ,

ಬೇಸ್‌ಬಾಲ್ ವರದಿಗಳಲ್ಲಿ ಹೋಮ್ ರನ್‌ಗಳನ್ನೂ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ಕದ್ದ ಬೇಸ್‌ಗಳನ್ನೂ (ಹೊಡೆತಕ್ಕೆ ಕಾಯದೆ ಓಟಗಾರ ಮುಂದಿನ ಬೇಸ್‌ಗೆ, ಅಂದರೆ ಮುಂದಿನ ನಿಲುಗಡೆಗೆ, ಓಡಿ ಸೇರುವುದು) ಸಮತೂಕದ ಸಾಧನೆಗಳೆಂಬಂತೆ ಒಟ್ಟಿಗೆ ಕೊಡುವುದು ಸರಿಯಲ್ಲ. ಹೋಮ್ ರನ್ ಹೊಡೆದಾಗ ಹೊಡೆದವನಷ್ಟೇ ಅಲ್ಲ, ಬೇಸ್‌ಗಳಲ್ಲಿ ನಿಂತವರೆಲ್ಲರೂ ರನ್ ಗಳಿಸುತ್ತಾರೆ. ಬೇಸ್ ಕದ್ದವನಾದರೋ ಸಾಮಾನ್ಯವಾಗಿ ಒಂದು ಬೇಸ್ ಮುಂದೆ ಹೋಗುತ್ತಾನೆ, ಸಿಕ್ಕಿಬಿದ್ದರೆ ಓಟಗಾರನ ಜೊತೆಗೆ ಆ ಸರದಿಗಿರುವ ಮೂರೇ ಔಟ್‌ಗಳಲ್ಲಿ ಒಂದನ್ನು ತಂಡ ಕಳೆದುಕೊಳ್ಳುತ್ತದೆ. ಅಮೆರಿಕದ ಆಟಗಾರ ರಿಕಿ ಹೆಂಡರ್ಸನ್ 1982ರಲ್ಲಿ 130 ಬೇಸ್ ಕದ್ದದ್ದನ್ನು ಎಲ್ಲರೂ ಹೊಗಳುತ್ತಾರೆ, 42 ಬಾರಿ ಸಿಕ್ಕಿಬಿದ್ದದ್ದನ್ನು ಹೇಳುವವರು ಕಡಿಮೆ. 2024ರಲ್ಲಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ ಜಪಾನಿನ ಆಟಗಾರ ಶೋಹೆ ಒಹ್ತಾನಿ ಸಿಕ್ಕಿಬಿದ್ದದ್ದು ನಾಲ್ಕೇ ಬಾರಿ. ನನ್ನ ದೃಷ್ಟಿಯಲ್ಲಿ ದೊಡ್ಡ ಸಾಧನೆ ಅದೇ. ಅವಸರದ ಒಂದು ರನ್ನಿಗೆ ಓಡಿ ರನ್‌ಔಟ್ ಆದವನ ನಷ್ಟವನ್ನು ನಮ್ಮ ಹಾಸನದ ಕ್ರಿಕೆಟ್ ಹುಡುಗರೂ ಬಲ್ಲರು. ಕ್ರೀಡಾಪುಟದಲ್ಲಿ ಸಿಕ್ಕಿಬಿದ್ದ ಸಂಖ್ಯೆಯನ್ನೂ ಜೊತೆಗೇ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಹಾಸನ