ಜ್ವರ ಬಿಟ್ಟವರಿಗೆ ಬಿಟ್ಟಿ ಸಲಹೆ

ಮಾನ್ಯ ಸಂಪಾದಕರೇ,

ಮಲೇರಿಯಾ ಬಂದವರನ್ನು ನೋಡಲು ಹೋಗುವ ನೆಂಟರಿಗೆ, ನೆರೆಕರೆಯವರಿಗೆ ಒಂದು ವಿನಂತಿ. ಸುಮ್ಮನೆ ಕೂತು ಎದ್ದುಬರಲು ನಮ್ಮವರಿಗೆ ಮನಸ್ಸೊಪ್ಪುವುದಿಲ್ಲ. ಏನಾದರೂ ಹೇಳಿದರೇ ಹೋದದ್ದು ಸಾರ್ಥಕ. ಅಮೃತಬಳ್ಳಿ ಕಷಾಯ, ಗಂಜಿತಿಳಿ ಎಂದರೆ ಹೋಗಲಿ. ‘ಜ್ವರ ಬಿಟ್ಟಿತಲ್ಲ, ಇನ್ನು ಮಾತ್ರೆ ಯಾಕೆ ಮಾರಾಯ್ರೆ? ಉಷ್ಣ ಆಗ್ತದೆ’ ಎನ್ನುವುದುಂಟಲ್ಲ, ಅದು ದುಬಾರಿ.

ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ. ಅದಕ್ಕೆ ಕ್ಲೋರೋಕ್ವಿನ್ 3 ದಿನ, ಪ್ರಿಮಾಕ್ವಿನ್ 14 ದಿನ. ಜ್ವರ ಇಳಿಸುವುದು ಮೊದಲನೆಯದು, ಅದು ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ. ಯಕೃತ್ತಿನಲ್ಲಿ ಅಡಗಿ ಕೂತದ್ದಕ್ಕೆ ಪ್ರಿಮಾಕ್ವಿನೇ ಆಗಬೇಕು. ಐದನೇ ದಿನಕ್ಕೆ ನಿಲ್ಲಿಸಿದರೆ ಆಗ ಏನೂ ಗೊತ್ತಾಗುವುದಿಲ್ಲ. ಕೆಲವು ವಾರವೋ ತಿಂಗಳೋ ಕಳೆದು ಅದೇ ಚಳಿಜ್ವರ ಮರುಕಳಿಸಬಹುದು. ಆಗ ಸಲಹೆ ಕೊಟ್ಟವರೇ ‘ಮತ್ತೆ ಸೊಳ್ಳೆ ಕಚ್ಚಿರಬೇಕು’ ಎಂದು ಇನ್ನೊಂದು ಕಷಾಯ ಹೇಳುತ್ತಾರೆ!

ಉಷ್ಣ ಎನ್ನುವ ಆ ಹೊಟ್ಟೆನೋವು, ವಾಕರಿಕೆ ಹೆಚ್ಚಾಗಿ ಖಾಲಿ ಹೊಟ್ಟೆಯಲ್ಲಿ ಪ್ರಿಮಾಕ್ವಿನ್ ನುಂಗಿದ್ದರಿಂದ. ಊಟದ ಮೇಲೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ. ಆದರೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಪ್ರಿಮಾಕ್ವಿನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಗರ್ಭಿಣಿಯರಿಗಂತೂ ಇದನ್ನು ಕೊಡುವುದೇ ಇಲ್ಲ. ಹಾಗಾಗಿ ‘ನಮ್ಮಲ್ಲಿ ಉಳಿದ ಮಾತ್ರೆ ಉಂಟು, ತಂದುಕೊಡ್ತೇನೆ’ ಎನ್ನುವ ಉಪಕಾರವೂ ಬೇಡ. ಅಂದಹಾಗೆ, ಆ ಮನೆಯಲ್ಲಿ ಮಾತ್ರೆ ಉಳಿದದ್ದು ಹೇಗೆ?

ಏನಾದರೂ ಮಾಡಲೇಬೇಕೆಂದಿದ್ದರೆ ಮಂಚದ ಪಕ್ಕದಿಂದ ಎದ್ದು ಟೆರೇಸಿಗೆ ಹೋಗಿ. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಚರಂಡಿಯ ಕೊಳಕು ಬೇಡ, ಟ್ಯಾಂಕಿಯ ತಿಳಿನೀರೇ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ನಮ್ಮ ಸೆಕೆಗೆ ವಾರ, ಹತ್ತು ದಿನ ಸಾಕು. ಆದ್ದರಿಂದ ಟಾರ್ಪಾಲಿನ ಮಡಿಕೆಯಲ್ಲಿ, ಬಕೆಟಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಟ್ಯಾಂಕಿಗೆ ಮುಚ್ಚಳ ಹಾಕಿಯೂ ಹೆಚ್ಚಿನವರು ಮರೆಯುವುದು ನೀರು ತುಂಬಿ ಹೊರಹೋಗುವ ಪೈಪಿನ ಬಾಯಿ. ಸೊಳ್ಳೆ ಒಳನುಗ್ಗಲು ಅಷ್ಟು ದಾರಿ ಧಾರಾಳ. ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಅಲ್ಲಿಗೆ ಸುತ್ತಿ ಹಗ್ಗ ಬಿಗಿದರೆ ಆಯಿತು, ಹರಿದಾಗ ಬದಲಾಯಿಸಿದರೆ ಸರಿ.

– ಓರ್ವ ಫಾರ್ಮಸಿಸ್ಟ್, ಮಂಗಳೂರು