ಕಡೂರು ಜಿಲ್ಲೆಯ ಮುದ್ರೆ ಬಿದ್ದ ಪುಸ್ತಕಗಳಿಗೊಂದು ಒಣ ಕೋಣೆ: ಚಿಕ್ಕಮಗಳೂರಿನ ಓದುಗರಲ್ಲಿ ದೇಣಿಗೆ ಮನವಿ

ಮಾನ್ಯರೇ,

ನಮ್ಮ ವಾಚನಾಲಯಕ್ಕೆ ನೀವು ಬಂದೇ ಇರುತ್ತೀರಿ. ಪೇಪರ್ ಓದಲು, ಪರೀಕ್ಷೆಗೆ ಕೂತು ಓದಲು, ಇಲ್ಲವೇ ಮಳೆ ನಿಲ್ಲುವವರೆಗೆ ಒಳಗೆ ನಿಂತಿರಲು. ಮೂರನೇ ಗುಂಪಿನವರೇ ಜಾಸ್ತಿ, ಅದಕ್ಕೆ ನಮ್ಮ ತಕರಾರೇನಿಲ್ಲ. ಆದರೆ ಪೇಪರ್ ಟೇಬಲ್ ದಾಟಿ ಹಿಂದಿನ ಕೋಣೆಗೆ ಕಾಲಿಟ್ಟವರು ಕಡಿಮೆ. ಅಲ್ಲಿ ಗೋಡೆಗೆ ಆನಿಸಿಟ್ಟ ಮರದ ಬೀರುಗಳಲ್ಲಿ ಈ ಸೀಮೆಯ ಹಳೇ ಪುಸ್ತಕಗಳಿವೆ. ಎಷ್ಟೋ ಪುಸ್ತಕದ ಮೊದಲ ಪುಟದಲ್ಲಿ ‘ಕಡೂರು ಜಿಲ್ಲೆ’ ಅಂತ ನೇರಳೆ ಬಣ್ಣದ ಮುದ್ರೆ ಇದೆ. 1947ರವರೆಗೆ ನಮ್ಮ ಜಿಲ್ಲೆಗೆ ಅದೇ ಹೆಸರು.

ಸುತ್ತಿಬಳಸದೆ ಹೇಳುತ್ತೇವೆ. ಬೇಕಾಗಿರುವುದು ₹6.5 ಲಕ್ಷ, ಬರುವ ಮುಂಗಾರಿನೊಳಗೆ. ಮಳೆಗಾಲದಲ್ಲಿ ಆ ಕೋಣೆಯ ಗೋಡೆ ಬೆವರುತ್ತದೆ. ಗಾಳಿಯ ತೇವ ಶೇ 65 ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ದಾರಿ ಆದಂತೆ. ಆಷಾಢದ ಜಡಿ ಹಿಡಿದರೆ ನಮ್ಮೂರಿನಲ್ಲಿ ಅದು ಅದಕ್ಕಿಂತ ಕೆಳಗಿಳಿಯುವುದು ಅಪರೂಪ. ಕಾಫಿ ಬೀಜವನ್ನಾದರೆ ಹದ ನೋಡಿ ಒಣಗಿಸಿ ಮೂಟೆ ಕಟ್ಟುತ್ತೇವೆ. ಪುಸ್ತಕವನ್ನು ಹಸಿ ಗೋಡೆಗೆ ಒರಗಿಸಿಟ್ಟಿದ್ದೇವೆ.

ಹಿಂದಿನ ಕೋಣೆಗೆ ಬಂದವರಿಗೆ ನಾವು ಮೊದಲು ತೆಗೆದು ತೋರಿಸುವುದು ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ. ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ, ಇಡೀ ಕಡೂರು ಜಿಲ್ಲೆಯ ಶಾಸನಗಳ ಸಂಗ್ರಹ. ಪಕ್ಕದ ಹಾಸನ ಜಿಲ್ಲೆಯ ಸಂಪುಟ ಐದನೆಯದು, ಅಚ್ಚಾದದ್ದು ಮರುವರ್ಷ. ಈ ಮಾಲೆಯ ಹನ್ನೆರಡು ಸಂಪುಟಗಳಲ್ಲಿ ಹೆಚ್ಚುಕಡಿಮೆ 9,000 ಶಾಸನಗಳಿವೆ. ಮೂಲಪಾಠ ಕನ್ನಡ ಲಿಪಿಯಲ್ಲೂ ಇದೆ, ರೋಮನ್ ಲಿಪಿಯಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದ. ತಾಲ್ಲೂಕುವಾರು ಜೋಡಿಸಿರುವುದರಿಂದ ನಿಮ್ಮೂರಿನ ಕಲ್ಲು ಹುಡುಕುವುದು ಕಷ್ಟವಲ್ಲ. ತರೀಕೆರೆ ಕಡೆಯವರಿಗೆ ಅಮೃತಾಪುರದ ಅಮೃತೇಶ್ವರ ದೇವಸ್ಥಾನದ ಶಾಸನ ಸಿಗುತ್ತದೆ, ಕವಿ ಜನ್ನ ರಚಿಸಿದ್ದು. ಮೂಡಿಗೆರೆಯವರಿಗೆ ಹೊಯ್ಸಳರ ಮೂಲದೂರು ಅಂಗಡಿಯ ಶಾಸನಗಳು.

ಕಡೂರು ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಕಾಲೇಜಿನಲ್ಲಿ ಅವಳಿಗೆ ಊರಿನ ಇತಿಹಾಸ ಬರೆದುಕೊಂಡು ಬನ್ನಿ ಅಂದಿದ್ದರಂತೆ. ತಾಲ್ಲೂಕು ಹುಡುಕಿ, ಊರು ಹುಡುಕಿ, ಅವರ ಹೊಲದ ಬದುವಿನಲ್ಲಿರುವ ವೀರಗಲ್ಲಿನ ಸಾಲುಗಳನ್ನು ಹುಡುಗಿ ಅಕ್ಷರ ಕೂಡಿಸಿ ಓದಿದಳು. ಊರಿನ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಬಿಡಿಸಿ, ಅಲ್ಲೇ ಸತ್ತವನ ಕಲ್ಲು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಅದಕ್ಕೆ ಎಮ್ಮೆ ಕಟ್ತಿದ್ವಲ್ಲ ಸ್ವಾಮಿ’ ಅಂದರು.

ಆ ಸಂಪುಟದ ಬೆನ್ನು ಕಿತ್ತುಬಂದಿದೆ. ಮಧ್ಯದ ಹಾಳೆಗಳು ದಾರ ಬಿಟ್ಟಿವೆ.

ಇದೆಲ್ಲ ಈಗ ಇಂಟರ್ನೆಟ್‌ನಲ್ಲೇ ಸಿಗುತ್ತದಲ್ಲ ಅಂತ ನೀವು ಕೇಳಬಹುದು, ಕೇಳಲೇಬೇಕು. ರೈಸ್ ಸಂಪುಟಗಳು ಸಿಗುತ್ತವೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ, ಸುಮಾರು 70,000 ಪದಗಳ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟೂ ಸಿಗುತ್ತದೆ. ಆದರೆ ನಮ್ಮ ರೈಸ್ ಸಂಪುಟದ ಅಂಚಿನಲ್ಲಿ ಯಾರೋ ಹಳಬರು ಸೀಸದ ಕಡ್ಡಿಯಲ್ಲಿ ಬರೆದಿಟ್ಟದ್ದು ಎಲ್ಲೂ ಸಿಗುವುದಿಲ್ಲ. ಶಾಸನಗಳನ್ನು ಹುಡುಕಿಕೊಂಡು ಊರೂರು ತಿರುಗಿದ ಮೇಷ್ಟರೋ ಶಾನುಭೋಗರೋ ಇರಬೇಕು. ಒಂದು ಕಡೆ, ‘ಕಲ್ಲು ಈಗ ಕೆರೆ ಕೋಡಿಯಲ್ಲಿ ಬೋರಲು ಬಿದ್ದಿದೆ.’ ಇನ್ನೊಂದು ಕಡೆ, ‘ಗುಡಿಯ ಬಲಗೋಡೆ, ಕೊನೆ ಎರಡು ಸಾಲು ಸುಣ್ಣದಡಿ.’ ಮತ್ತೊಂದು ಕಡೆ ಬರೀ ‘ಇಲ್ಲ.’

ಹಾಗಾಗಿ ಸಮಿತಿ ಒಂದು ತೀರ್ಮಾನ ಮಾಡಿದೆ, ಕೆಲವರಿಗೆ ವಿಚಿತ್ರ ಅನ್ನಿಸಬಹುದು. ನಿಮ್ಮ ಹಣ ಮೊದಲು ಹೋಗುವುದು ದೊಡ್ಡ ಹೆಸರಿನ ಪುಸ್ತಕಗಳಿಗಲ್ಲ. ಕಿಟೆಲ್‌ಗೆ ಇನ್ನಷ್ಟು ಗ್ರಂಥಾಲಯಗಳಲ್ಲಿ ಅಣ್ಣತಮ್ಮಂದಿರಿದ್ದಾರೆ. ಕೆಳಗಿನ ಖಾನೆಯಲ್ಲಿ ದಾರ ಕಟ್ಟಿ ಪೇರಿಸಿಟ್ಟಿರುವ ಕಟ್ಟುಗಳಿಗೆ ಯಾರೂ ಇಲ್ಲ. ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆ, ಶಾಲೆಯ ಹುಡುಗರ ಕೈಬರಹದ ಪತ್ರಿಕೆ, ಹಳೇ ಪಂಚಾಂಗ, ಜಾತ್ರೆಯ ಕರಪತ್ರ, ನಾಲ್ಕಾಣೆಯ ಹರಿಕಥೆ ಪುಸ್ತಕ, ಕಾಫಿ ಗಿಡದ ತುಕ್ಕುರೋಗಕ್ಕೆ ಏನು ಹೊಡೆಯಬೇಕೆಂದು ಬೆಳೆಗಾರರಿಗೆ ಹಂಚಿದ ಎಂಟು ಪುಟದ ಹೊತ್ತಗೆ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನೆ ಶುರುವಾದದ್ದು 1925ರಲ್ಲಿ. ಅದರ ಆಚೀಚೆಯ ಕಾಲದಲ್ಲಿ ತೋಟದವರು ಏನು ಓದುತ್ತಿದ್ದರು, ಯಾವ ಔಷಧಕ್ಕೆ ದುಡ್ಡು ಸುರಿದರು ಅನ್ನುವುದು ಇಂಥ ಚಿಲ್ಲರೆ ಕಾಗದದಲ್ಲೇ ಉಳಿಯುವುದು. ಕಂಪನಿ ನಾಟಕದ ಒಂದು ಗುಲಾಬಿ ಕರಪತ್ರ ನಮಗೆಲ್ಲ ಅಚ್ಚುಮೆಚ್ಚು. ನೆಲ, ಬೆಂಚು, ಕುರ್ಚಿಯ ದರ ಹಾಕಿ, ಕೆಳಗೆ ದಪ್ಪಕ್ಷರದಲ್ಲಿ, ‘ಕೈಗೂಸುಗಳನ್ನು ತರುವವರು ಅಳುವಾಗ ಹೊರಗೆ ಕರೆದೊಯ್ಯತಕ್ಕದ್ದು.’

ಈ ಕಟ್ಟುಗಳೇ ಬೇಗ ಹಾಳಾಗುವುದಕ್ಕೆ ಕಾರಣವಿದೆ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿ ಮರದ ನಾರನ್ನು ಬಿಗಿದು ಹಿಡಿಯುವ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ, ಶಾಯಿ ಹರಡದಿರಲೆಂದು ಪಟಿಕ ಮತ್ತು ರಾಳ ಹಾಕಿರುತ್ತಾರೆ. ಎರಡೂ ಸೇರಿ ಕಾಗದದೊಳಗೇ ಆಮ್ಲ ಬೆಳೆಯುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಮಡಿಸಿದಲ್ಲಿ ಹಪ್ಪಳ ಮುರಿದಂತೆ ಮುರಿಯುತ್ತದೆ. ಪಕ್ಕದ ಭದ್ರಾವತಿಯಲ್ಲಿ 1936ರಲ್ಲೇ ಕಾಗದದ ಕಾರ್ಖಾನೆ ಸ್ಥಾಪನೆಯಾಗಿದ್ದರೂ ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಎಲ್ಲ ಕಡೆ ಬರ. ಸಿಕ್ಕಿದ್ದರಲ್ಲಿ ಅಚ್ಚು ಹಾಕಿದರು. ಅದಕ್ಕೇ ನಮ್ಮ ಬೀರುವಿನಲ್ಲಿ 1894ರ ಪುಸ್ತಕ ಗಟ್ಟಿಯಾಗಿದೆ, 1944ರದ್ದು ಮುಟ್ಟಿದರೆ ಉದುರುತ್ತದೆ.

ಹಣದಲ್ಲಿ ಏನು ಮಾಡುತ್ತೇವೆ? ದೊಡ್ಡ ಪಾಲು ಕೋಣೆಗೇ. ತೇವ ಹೀರುವ ಯಂತ್ರ ಎರಡು, ಗೋಡೆಯಿಂದ ಒಂದು ಗೇಣು ದೂರ ನಿಲ್ಲುವ ಕಬ್ಬಿಣದ ರ‍್ಯಾಕು, ಸೋರುವ ಮೂಲೆಯ ಹೆಂಚು ಬದಲಿಸುವುದು. ಹೆಂಚಿನ ಕೆಲಸ ಆಗದೆ ಉಳಿದದ್ದು ಮಾಡಿ ಪ್ರಯೋಜನವಿಲ್ಲ, ಹಾಗಾಗಿ ಮೊದಲ ಕಂತು ಅದಕ್ಕೆ. ಆಮೇಲೆ ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಗಳು, ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರ್. ಮಗುಚಿ ಗಾಜಿಗೆ ಒತ್ತುವ ಮಾಮೂಲಿ ಯಂತ್ರಕ್ಕೆ ಈ ಪುಸ್ತಕ ಕೊಟ್ಟರೆ ಬೆನ್ನು ಮುರಿಯುತ್ತದೆ. ಸ್ಕ್ಯಾನ್ ಮಾಡಿದ್ದನ್ನು, ಲೇಖಕರು ತೀರಿಕೊಂಡು 60 ವರ್ಷ ಕಳೆದಿದ್ದರೆ, ಎಲ್ಲರಿಗೂ ಉಚಿತವಾಗಿ ತೆರೆದಿಡುತ್ತೇವೆ. ಉಳಿದದ್ದನ್ನು ಇಲ್ಲಿಗೇ ಬಂದು ಓದಬಹುದು.

ರಿಪೇರಿಗೆ ಒಬ್ಬ ಹಳೇ ಬೈಂಡರ್ ಸಿಕ್ಕಿದ್ದಾರೆ, ಅವರ ಕೂಲಿಯೂ ಈ ಲೆಕ್ಕದಲ್ಲಿದೆ. ಹರಿದ ಪುಟಕ್ಕೆ ಹಿಪ್ಪುನೇರಳೆ ಜಾತಿಯ ಮರದ ನಾರಿನಿಂದ ಮಾಡಿದ ಜಪಾನಿನ ತೆಳುಕಾಗದ, ಗೋಧಿ ಗಂಜಿಯ ಅಂಟು. ನಾಳೆ ಬೇಡವೆಂದರೆ ಒದ್ದೆ ಮಾಡಿ ಬಿಡಿಸಬಹುದು. ಮೊದಲೆಲ್ಲ ಮೈದಾ ಅಂಟಿಗೆ ಹುಳ ಬರದಿರಲಿ ಅಂತ ಮೈಲುತುತ್ತ ಬೆರೆಸುತ್ತಿದ್ದರು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆಲ್ಲ ಗೊತ್ತಿರುವ ಅದೇ ಮೈಲುತುತ್ತ. ಆದರೆ ತಾಮ್ರದ ಅಂಶ ಕಾಗದವನ್ನು ಸವೆಸುತ್ತದೆ, ಒಳಪುಟಕ್ಕೆ ಬೇಡ ಅಂತ ಅವರೇ ಹೇಳಿದರು. ಸೆಲ್ಲೋಟೇಪ್ ಅಂಟಿಸಿದ ಪುಸ್ತಕ ಕಂಡರೆ ಅವರಿಗೆ ಕೆಂಡದಂಥ ಕೋಪ. ನಿಮ್ಮ ಮನೆಯಲ್ಲಿ ಹಾಗೆ ಅಂಟಿಸಿದ್ದು ಇದ್ದರೆ ಅವರ ಕಣ್ಣಿಗೆ ಬೀಳಿಸಬೇಡಿ.

‘ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಮತ್ತೆ ನಿಮಗೂ ಯಾಕೆ ಕೊಡಬೇಕು?’ ಹೋದಲ್ಲೆಲ್ಲ ಈ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಕರ ಕಟ್ಟುತ್ತೀರಿ, ಅದು ಸರ್ಕಾರಿ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗುವ ಹಣ. ನಮ್ಮದು ಊರಿನವರೇ ಸೇರಿ ನಡೆಸುವ ಟ್ರಸ್ಟು, ಅದರಲ್ಲಿ ನಮಗೆ ಪಾಲಿಲ್ಲ. ಚಂದಾ ಹಣ ಕರೆಂಟು ಬಿಲ್ಲಿಗೂ ಪೇಪರ್ ಬಿಲ್ಲಿಗೂ ಸರಿಹೋಗುತ್ತದೆ.

ಸಭೆಯಲ್ಲಿ ಇನ್ನೊಂದು ವಾದವೂ ಬಂತು: ಅಪರೂಪದ ಪುಸ್ತಕ ಅಂದಮೇಲೆ ಬೀಗ ಹಾಕಿಡೋಣ, ಯಾರೂ ಮುಟ್ಟುವುದು ಬೇಡ. ನಾವು ಒಪ್ಪಲಿಲ್ಲ. ಬೀಗ ಹಾಕಿದ ಬೀರುವಿನಲ್ಲೇ ಗೆದ್ದಲು ನೆಮ್ಮದಿಯಾಗಿ ಸಂಸಾರ ಮಾಡುವುದು. ಕೋಣೆ ಸರಿಯಾದ ಮೇಲೆ ಪ್ರತಿ ಭಾನುವಾರ ಬೆಳಗ್ಗೆ ಯಾರು ಬೇಕಾದರೂ ಬಂದು ನೋಡಬಹುದು, ಓದಬಹುದು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬಂದರೆ ಸಾಕು, ಕೈಗವಸು ಬೇಡ. ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುವುದೇ ಹೆಚ್ಚು. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ. ಪುಸ್ತಕವನ್ನು ಪೂರ್ತಿ ಮಗುಚಿ ಬಿಡಿಸದೆ ವ್ಯಾಸಪೀಠದ ಮೇಲಿಟ್ಟು ಓದಬೇಕು. ಅಂಥ ನಾಲ್ಕು ವ್ಯಾಸಪೀಠಗಳನ್ನು ಊರಿನ ಬಡಗಿಯೊಬ್ಬರು ಹಲಸಿನ ಮರದಲ್ಲಿ ಮಾಡಿಕೊಟ್ಟಿದ್ದಾರೆ, ಮಜೂರಿ ತೆಗೆದುಕೊಂಡಿಲ್ಲ. ಈ ಮನವಿಯ ಮೊದಲ ದೇಣಿಗೆ ಅದೇ.

₹1,500 ಕೊಟ್ಟರೆ ಒಂದು ಪುಸ್ತಕದ ಶುಚಿ, ಹೊಲಿಗೆ, ಪೆಟ್ಟಿಗೆ ಆಗುತ್ತದೆ. ಪೆಟ್ಟಿಗೆಯ ಒಳಬದಿಯಲ್ಲಿ ನಿಮ್ಮ ಹೆಸರನ್ನೋ ಹಿರಿಯರ ಹೆಸರನ್ನೋ ಬರೆಯುತ್ತೇವೆ. ₹15,000ಕ್ಕೆ ಒಂದು ರ‍್ಯಾಕು. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಲೆಕ್ಕವನ್ನು ಪ್ರತಿ ತಿಂಗಳು ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸುತ್ತೇವೆ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬೇಕಾದವರು ಪಾನ್ ನಂಬರ್ ಬರೆಸಿ, ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಡಿ. ₹2,000 ಮೀರಿದ ನಗದಿಗೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ದುಡ್ಡಿಗಿಂತ ಮುಖ್ಯವಾದದ್ದೂ ನಿಮ್ಮ ಅಟ್ಟದ ಮೇಲಿರಬಹುದು. ತೋಟದ ಮನೆ ಖಾಲಿ ಮಾಡುವಾಗ, ಅಜ್ಜನ ಪೆಟ್ಟಿಗೆ ತೆಗೆಯುವಾಗ ಸಿಕ್ಕ ಕಾಗದವನ್ನು ರದ್ದಿಯವನಿಗೆ ಹಾಕುವ ಮೊದಲು ಒಮ್ಮೆ ನಮಗೆ ತೋರಿಸಿ. ಬೂಷ್ಟು ಹಿಡಿದಿದ್ದರೆ ಬಿಸಿಲಿಗೆ ಹರಡಬೇಡಿ, ಉಜ್ಜಲೂ ಬೇಡಿ. ನೆರಳಿನಲ್ಲಿ ಗಾಳಿಗಿಟ್ಟು, ಪೇಪರ್ ಸುತ್ತಿ ತನ್ನಿ. ತಾಳೆಗರಿಯ ಕಟ್ಟು ಸಿಕ್ಕರೆ ಅದನ್ನು ಕಾಪಾಡುವ ಶಕ್ತಿ ನಮಗಿಲ್ಲ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತಲುಪಿಸಲು ನಿಮ್ಮ ಜೊತೆ ಬರುತ್ತೇವೆ. 1891ರಲ್ಲಿ ಶುರುವಾದ ಆ ಸಂಸ್ಥೆಗೆ ಪಂಡಿತರೊಬ್ಬರು ತಂದುಕೊಟ್ಟ ಓಲೆಗಳಲ್ಲೇ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು. ಪಿಯುಸಿ ಗೈಡುಗಳನ್ನು ಮಾತ್ರ ದಯವಿಟ್ಟು ತರಬೇಡಿ, ಈಗಾಗಲೇ ಎರಡು ಮೂಟೆ ಇವೆ.

ದೇಣಿಗೆಯನ್ನು ವಾಚನಾಲಯದ ಕೌಂಟರಿನಲ್ಲಿ ಸಂಜೆ 4ರಿಂದ 8ರವರೆಗೆ ಕೊಡಬಹುದು, ಸೋಮವಾರ ರಜೆ. ಹೆಂಚಿನ ಕೆಲಸದವರು ಯುಗಾದಿ ಕಳೆದ ಕೂಡಲೇ ಬರುವುದಾಗಿ ಒಪ್ಪಿದ್ದಾರೆ, ಮುಂಗಡ ಕೇಳಿದ್ದಾರೆ. ಸಾಧ್ಯವಾದವರು ಅದಕ್ಕೆ ಮುಂಚೆ ಕೊಟ್ಟರೆ ಉಪಕಾರ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ವಾಚನಾಲಯ ಸಮಿತಿಯ ಪರವಾಗಿ
ಚಿಕ್ಕಮಗಳೂರು