ಶನಿವಾರದ ಮಾತುಕತೆ: ‘ದಿ ಫ್ಯಾಮಿಲಿ ಮ್ಯಾನ್’

ಎಲ್ಲರಿಗೂ ನಮಸ್ಕಾರ 🙏

ಈ ಶನಿವಾರ ಸಂಜೆ 6ಕ್ಕೆ ನಮ್ಮ ಮನೆ ಮಹಡಿಯಲ್ಲಿ ಸೇರೋಣ. ಈ ಸಲ ‘ದಿ ಫ್ಯಾಮಿಲಿ ಮ್ಯಾನ್’ ಮೊದಲ ಸೀಸನ್ (2019, ಒಟ್ಟು 10 ಕಂತು, ಪ್ರೈಮ್ ವಿಡಿಯೋದಲ್ಲಿದೆ).

ಪೂರ್ತಿ ನೋಡಿಕೊಂಡು ಬನ್ನಿ. ಪುರುಸೊತ್ತಿಲ್ಲದವರು 6ನೇ ಕಂತಿನವರೆಗಾದರೂ ನೋಡಲೇಬೇಕು. ಅದರಲ್ಲಿ ಆಸ್ಪತ್ರೆಯೊಳಗಿನ ಗುಂಡಿನ ಕಾಳಗವಿದೆ. ಕಟ್ ಇಲ್ಲದೆ ಒಂದೇ ಓಟದಲ್ಲಿ ಸಾಗುತ್ತದೆ, ಕ್ಯಾಮೆರಾ ಜೊತೆ ನಾವೂ ಕಾರಿಡಾರಿನಲ್ಲಿ ಓಡಿದ ಹಾಗೆ. ನಾನಂತೂ ಉಸಿರು ಬಿಗಿಹಿಡಿದೇ ನೋಡಿದೆ.

ಮುಖ್ಯವಾಗಿ ಮಾತಾಡಬೇಕಿರುವುದು ಶ್ರೀಕಾಂತ್ ತಿವಾರಿ ಬಗ್ಗೆ. ಮನೋಜ್ ಬಾಜಪೇಯಿ ಮಾಡಿರುವ ಈ ಗೂಢಚಾರನಿಗೆ ಸೂಟಿಲ್ಲ, ದುಬಾರಿ ಕಾರಿಲ್ಲ. ಮುಂಬೈನ ಮಧ್ಯಮವರ್ಗದ ಅಪ್ಪ. ದೇಶ ಕಾಯುವ ಕೆಲಸದ ನಡುವೆಯೇ ಹೆಂಡತಿಯ ಫೋನು, ಮಕ್ಕಳ ಶಾಲೆಯ ದೂರು. ಮಾಡುವ ಕೆಲಸವನ್ನು ಮಕ್ಕಳಿಗೂ ಬಿಡಿಸಿ ಹೇಳುವಂತಿಲ್ಲ. ಅವನು ಅಷ್ಟು ಹತ್ತಿರದವನಾಗುವುದು ಇದರಿಂದಲೇ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮದೇನು, ಬಂದು ಹೇಳಿ.

ದಯವಿಟ್ಟು ಕೊನೆಯ ಕಂತಿನ ವಿಷಯ ಗುಂಪಿನಲ್ಲಿ ಬರೆಯಬೇಡಿ, ಇನ್ನೂ ನೋಡುತ್ತಿರುವವರಿದ್ದಾರೆ. ದೃಶ್ಯಗಳನ್ನು ರೆಕಾರ್ಡ್ ಮಾಡಿ ಹಾಕುವುದೂ ಬೇಡ.

ಬರುವವರು ಗುರುವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಹಾಕಿ. ಕಾಫಿ, ಮಂಡಕ್ಕಿಗೆ ಲೆಕ್ಕ ಬೇಕು.